ಮಂಗಳೂರಿನಿಂದ ದುಬೈಗೆ ನಿಜವಾದ ದೂರವೆಷ್ಟು, ವಿಮಾನದಲ್ಲಿ ಕೂರಬೇಕಾದ ಹೊತ್ತೆಷ್ಟು?

ಪ್ರಶ್ನೆ — ಕಾರ್ಕಳದವನು, ಸದ್ಯ ದುಬೈ

ಎಲ್ಲರಿಗೂ ನಮಸ್ಕಾರ. ಬರುವ ಜನವರಿಯಲ್ಲಿ ನನ್ನ ಅಮ್ಮನನ್ನು ಎರಡು ತಿಂಗಳ ಮಟ್ಟಿಗೆ ದುಬೈಗೆ ಕರೆಸಿಕೊಳ್ಳುತ್ತಿದ್ದೇನೆ. ಅವರಿಗೆ 72 ವರ್ಷ. ವಿಮಾನ ಹತ್ತುವುದು ಇದೇ ಮೊದಲು, ಅದೂ ಒಬ್ಬರೇ. ಮಂಡಿನೋವಿನಿಂದಾಗಿ ಕಾಲು ಮಡಚಿಕೊಂಡು ಎರಡು ಗಂಟೆಗಿಂತ ಹೆಚ್ಚು ಕೂರುವುದು ಅವರಿಂದಾಗುವುದಿಲ್ಲ. ರಾತ್ರಿಯ ಊಟ, ಊಟದ ಮೇಲಿನ ಮಾತ್ರೆ, ಇವೆರಡಕ್ಕೂ ಹೊತ್ತು ತಪ್ಪಬಾರದು. ಹೀಗಾಗಿ ಟಿಕೆಟ್ ತೆಗೆದ ದಿನದಿಂದ ಫೋನಿನಲ್ಲಿ ಅವರು ಕೇಳುತ್ತಿರುವುದು ಒಂದೇ ಪ್ರಶ್ನೆ: "ಒಟ್ಟು ಎಷ್ಟು ಹೊತ್ತು ಕೂತುಕೊಳ್ಳಬೇಕು ಮಗ?" ಇಷ್ಟು ಸರಳವಾದ ಪ್ರಶ್ನೆಗೆ ಖಚಿತವಾದ ಉತ್ತರ ಕೊಡಲು ನನ್ನಿಂದ ಇನ್ನೂ ಆಗಿಲ್ಲ.

ಅಂತರ್ಜಾಲದಲ್ಲಿ ಹುಡುಕಿದಾಗ ಎರಡು ನಿಲ್ದಾಣಗಳ ನಡುವಿನ ದೂರ ಒಂದು ಕಡೆ 2,460 ಎಂದಿದೆ, ಇನ್ನೊಂದು ಕಡೆ 1,528, ಮತ್ತೊಂದು ಕಡೆ 1,328. ಹಾರಾಟದ ಅವಧಿಯೂ ಹಾಗೆಯೇ: 2 ಗಂಟೆ 45 ನಿಮಿಷ, 3 ಗಂಟೆ 5 ನಿಮಿಷ, 3 ಗಂಟೆ 40 ನಿಮಿಷ. ನನ್ನ ಕೈಯಲ್ಲಿರುವ ಟಿಕೆಟ್ಟಿನ ಪ್ರಕಾರ ವಿಮಾನವು ಮಂಗಳೂರನ್ನು ರಾತ್ರಿ 8.20ಕ್ಕೆ ಬಿಟ್ಟು ದುಬೈಯನ್ನು 10.30ಕ್ಕೆ ತಲುಪುತ್ತದೆ. ಮಾರ್ಚಿನಲ್ಲಿ ಹಿಂತಿರುಗುವಾಗ ದುಬೈಯಿಂದ ರಾತ್ರಿ 11.30ಕ್ಕೆ ಹೊರಟು ಮಂಗಳೂರಿಗೆ ಬೆಳಗಿನ ಜಾವ 4.15ಕ್ಕೆ ಬರುತ್ತದೆ. ಎರಡು ದೇಶಗಳ ಗಡಿಯಾರಕ್ಕೆ ಒಂದೂವರೆ ಗಂಟೆಯ ವ್ಯತ್ಯಾಸವಿದೆ ಎಂಬುದು ನನಗೆ ಗೊತ್ತು. ಅದನ್ನು ಕೂಡಿ ಕಳೆದು ನೋಡಿದರೂ ಹೋಗುವಾಗ 3 ಗಂಟೆ 40 ನಿಮಿಷ, ಬರುವಾಗ 3 ಗಂಟೆ 15 ನಿಮಿಷ ಎಂದಾಗುತ್ತದೆ. ದಾರಿ ಒಂದೇ, ವಿಮಾನವೂ ಒಂದೇ ಬಗೆಯದು. ನಡುವಿನ 25 ನಿಮಿಷ ಎಲ್ಲಿಂದ ಬಂತು?

ಇದನ್ನು ಇಷ್ಟು ಪಟ್ಟು ಹಿಡಿದು ಕೇಳುವುದಕ್ಕೆ ಕಾರಣವಿದೆ. ಕಳೆದ ವರ್ಷ ನನ್ನ ಮಾವ, ಅಂದರೆ ಹೆಂಡತಿಯ ತಂದೆ, ಇದೇ ದಾರಿಯಲ್ಲಿ ಬಂದರು. ಟಿಕೆಟ್ ಮಾಡಿಸಿಕೊಟ್ಟವರು ಚೀಟಿಯ ಮೇಲಿದ್ದ ಎರಡು ಸಮಯಗಳನ್ನಷ್ಟೇ ನೋಡಿ "ಎರಡು ಗಂಟೆ ಹತ್ತು ನಿಮಿಷದ ದಾರಿ" ಎಂದು ಹೇಳಿ ಕಳುಹಿಸಿದ್ದರು. ಮಾವ ತಮ್ಮ ಹಳೆಯ ಎಚ್‌ಎಂಟಿ ವಾಚನ್ನೇ ನೋಡುತ್ತಾ ಕುಳಿತಿದ್ದರಂತೆ. ಎರಡು ಗಂಟೆ ಹತ್ತು ನಿಮಿಷ ಕಳೆದಾಗ ಕಿಟಕಿಯ ಹೊರಗೆ ಕತ್ತಲೆ ಮತ್ತು ಸಮುದ್ರ ಬಿಟ್ಟರೆ ಬೇರೇನೂ ಇರಲಿಲ್ಲ. ವಿಮಾನಕ್ಕೆ ಏನೋ ಆಗಿದೆ, ಇಳಿಯಲಾಗದೆ ಸುತ್ತುತ್ತಿದೆ, ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ ಎಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟರು. ಪಕ್ಕದಲ್ಲಿದ್ದವರನ್ನು ಕೇಳಲು ಸಂಕೋಚ. ಉಳಿದ ಒಂದೂವರೆ ಗಂಟೆಯನ್ನು ಸೀಟಿನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ ಕಳೆದರು. ನಿಲ್ದಾಣದ ಹೊರಗೆ ನಾನು ಅವರ ಕೈ ಹಿಡಿದುಕೊಂಡಾಗ ಅಂಗೈ ಇನ್ನೂ ಒದ್ದೆಯಾಗಿತ್ತು. ಅಮ್ಮನಿಗೆ ಹಾಗಾಗಬಾರದು.

ಆದ್ದರಿಂದ ತಿಳಿದವರು ದಯವಿಟ್ಟು ಹೇಳಿ: ದೂರದ ಮೂರು ಅಂಕಿಗಳಲ್ಲಿ ಯಾವುದು ಸರಿ, ಹೋಗುವುದಕ್ಕೂ ಬರುವುದಕ್ಕೂ ವ್ಯತ್ಯಾಸವೇಕೆ, ಮತ್ತು ಅಮ್ಮನಿಗೆ ನಾನು ಯಾವ ಅಂಕಿಯನ್ನು ಹೇಳಬೇಕು?


ಉತ್ತರ — ನಿವೃತ್ತ ಭೂಗೋಳ ಶಿಕ್ಷಕಿ, ಮೂಡುಬಿದಿರೆ

ನಿಮ್ಮ ಮೊದಲ ಪ್ರಶ್ನೆಗಷ್ಟೇ ನಾನು ಉತ್ತರಿಸಬಲ್ಲೆ; ಉಳಿದದ್ದನ್ನು ವಿಮಾನದ ಕೆಲಸ ಬಲ್ಲವರು ಹೇಳಲಿ.

ಮೂರೂ ಅಂಕಿಗಳು ಸರಿಯೇ, ಏಕೆಂದರೆ ಮೂರೂ ಒಂದೇ ದೂರ. 2,460 ಎಂಬುದು ಕಿಲೋಮೀಟರ್, 1,528 ಎಂಬುದು ರಸ್ತೆಯ ಮೈಲಿ, 1,328 ಎಂಬುದು ಹಡಗಿನವರೂ ವಿಮಾನದವರೂ ಬಳಸುವ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿಲೋಮೀಟರ್. ಗುಣಿಸಿ ನೋಡಿ, ಅದೇ 2,460ಕ್ಕೆ ಬಂದು ನಿಲ್ಲುತ್ತದೆ. ಮಾನವನ್ನು ಬರೆಯದೆ ಅಂಕಿಯನ್ನು ಮಾತ್ರ ದೊಡ್ಡದಾಗಿ ಬರೆಯುವವರಿಂದಾಗಿ ಎಷ್ಟು ಜನ ಗೊಂದಲಪಡುತ್ತಾರೋ! ತರಗತಿಯಲ್ಲಿ ಮಾನ ಬರೆಯದ ಉತ್ತರಕ್ಕೆ ನಾನು ಅರ್ಧ ಅಂಕ ಕಡಿಯುತ್ತಿದ್ದೆ, ಅದರಲ್ಲಿ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಈ 2,460 ಎಲ್ಲಿಂದ ಬಂತು ಎಂಬುದನ್ನು ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆ ಹೆಚ್ಚುಕಡಿಮೆ 12.96 ಡಿಗ್ರಿ ಉತ್ತರ ಅಕ್ಷಾಂಶ, 74.89 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ದುಬೈ ನಿಲ್ದಾಣ 25.25 ಡಿಗ್ರಿ ಉತ್ತರ, 55.36 ಡಿಗ್ರಿ ಪೂರ್ವದಲ್ಲಿದೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್ ಆದ್ದರಿಂದ 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಅಕ್ಷಾಂಶಗಳ ಅಂತರ 12.29 ಡಿಗ್ರಿ, ಅಂದರೆ ಉತ್ತರದ ಕಡೆಗೆ 1,364 ಕಿಲೋಮೀಟರ್. ರೇಖಾಂಶಗಳ ಅಂತರ 19.53 ಡಿಗ್ರಿ. ಮಕ್ಕಳು ಎಡವುತ್ತಿದ್ದದ್ದು ಇಲ್ಲಿಯೇ. ಇದನ್ನೂ 111ರಿಂದಲೇ ಗುಣಿಸಿ, ಪೈಥಾಗೊರಸನ ಪ್ರಮೇಯ ಹಚ್ಚಿ, 2,561 ಕಿಲೋಮೀಟರ್ ಎಂದು ಬರೆದು ತರುತ್ತಿದ್ದರು. ನೂರು ಕಿಲೋಮೀಟರ್ ಹೆಚ್ಚು! ಸಮಭಾಜಕ ವೃತ್ತದಿಂದ ಮೇಲೆ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಕಿತ್ತಳೆಯ ತೊಳೆಗಳು ತೊಟ್ಟಿನ ಕಡೆಗೆ ಕಿರಿದಾಗುವ ಹಾಗೆ. ಈ ಎರಡು ಊರುಗಳ ನಡುವಿನ ಸರಾಸರಿ ಅಕ್ಷಾಂಶವಾದ 19 ಡಿಗ್ರಿಯಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ 105 ಕಿಲೋಮೀಟರ್ ಮಾತ್ರ. ಅದನ್ನು ಹಿಡಿದರೆ ಪಶ್ಚಿಮಕ್ಕೆ ಸುಮಾರು 2,050 ಕಿಲೋಮೀಟರ್ ಬರುತ್ತದೆ, ಎರಡಕ್ಕೂ ಅದೇ ಪ್ರಮೇಯ ಹಚ್ಚಿದರೆ 2,460ರ ಆಸುಪಾಸು. ಕಂಪ್ಯೂಟರ್ ಗೋಳದ ಗಣಿತದಿಂದ ಮಾಡುವ ಲೆಕ್ಕಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ನಮ್ಮ ಮನೆಯ ಭೂಗೋಳ 30 ಸೆಂಟಿಮೀಟರ್ ವ್ಯಾಸದ್ದು. ನಿಮ್ಮ ಪ್ರಶ್ನೆ ಓದಿದ ಮೇಲೆ ಹೊಲಿಗೆಯ ದಾರ ತೆಗೆದುಕೊಂಡು ಮಂಗಳೂರಿನಿಂದ ದುಬೈಗೆ ಬಿಗಿಯಾಗಿ ಹಿಡಿದು ನೋಡಿದೆ. ಆರು ಸೆಂಟಿಮೀಟರಿಗಿಂತ ಒಂದಿಷ್ಟು ಕಡಿಮೆ, ನನ್ನ ಹೆಬ್ಬೆರಳಿನಷ್ಟು ಉದ್ದ. ದಾರವು ಮಂಗಳೂರನ್ನು ಬಿಟ್ಟ ಕೂಡಲೇ ಅರಬ್ಬೀ ಸಮುದ್ರಕ್ಕಿಳಿದು, ಮತ್ತೆ ನೆಲ ಮುಟ್ಟುವುದು ಓಮಾನಿನ ಮಸ್ಕತ್ ಬಳಿಯಲ್ಲೇ. ನಡುವೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಬರೀ ನೀರು. ನಿಮ್ಮ ಮಾವನವರಿಗೆ ಎರಡು ಗಂಟೆ ಕಳೆದರೂ ಒಂದು ದೀಪವೂ ಕಾಣದಿದ್ದುದಕ್ಕೆ ಕಾರಣ ಇದು. ಅವರು ಕಂಡದ್ದು ಸರಿಯಾಗಿಯೇ ಇತ್ತು, ಹೇಳಿ ಕಳುಹಿಸಿದ ಅಂಕಿ ಮಾತ್ರ ತಪ್ಪು.

ಒಂದು ಸಣ್ಣ ವಿಷಯವನ್ನು ಸೇರಿಸುತ್ತೇನೆ. ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಮಂಗಳೂರಿಗೂ ದುಬೈಗೂ ಸೂರ್ಯನ ಲೆಕ್ಕದಲ್ಲಿ ಇರುವ ಅಂತರ 78 ನಿಮಿಷ. ಗಡಿಯಾರದ ಲೆಕ್ಕದಲ್ಲಿ 90 ನಿಮಿಷ. ಭಾರತ 82.5 ಡಿಗ್ರಿ ರೇಖಾಂಶದ ವೇಳೆಯನ್ನೂ ಸಂಯುಕ್ತ ಅರಬ್ ಸಂಸ್ಥಾನ 60 ಡಿಗ್ರಿಯ ವೇಳೆಯನ್ನೂ ಇಟ್ಟುಕೊಂಡಿರುವುದರಿಂದ ಹೀಗೆ. ಎರಡೂ ದೇಶಗಳಲ್ಲಿ ಬೇಸಿಗೆಗೆಂದು ಗಡಿಯಾರ ತಿರುಗಿಸುವ ಪದ್ಧತಿಯಿಲ್ಲ. ಆದ್ದರಿಂದ ಈ ಒಂದೂವರೆ ಗಂಟೆ ವರ್ಷವಿಡೀ ಬದಲಾಗುವುದಿಲ್ಲ.


ಉತ್ತರ — ವಿಮಾನ ಕಂಪನಿಯೊಂದರ ಹಾರಾಟ ಯೋಜನೆಯಲ್ಲಿ ದುಡಿದವನು, ಬೆಂಗಳೂರು

ಮೇಡಂ ಅವರ ಲೆಕ್ಕಕ್ಕೆ ನಾನು ಸೇರಿಸುವುದೇನೂ ಇಲ್ಲ. ಆದರೆ ಆ 2,460 ಕಿಲೋಮೀಟರನ್ನು ವಿಮಾನದ ವೇಗದಿಂದ ಭಾಗಿಸಿದರೆ ಪ್ರಯಾಣದ ಅವಧಿ ಸಿಗುತ್ತದೆ ಎಂದು ಬಹಳ ಜನ ನಂಬುತ್ತಾರೆ. ನಿಮಗೆ ಸಿಕ್ಕಿದ 2 ಗಂಟೆ 45 ನಿಮಿಷ, 3 ಗಂಟೆ 5 ನಿಮಿಷ ಎಂಬ ಉತ್ತರಗಳು ಹಾಗೆ ಭಾಗಾಕಾರ ಮಾಡಿ ಬಂದವು. ಒಬ್ಬರು ಗಂಟೆಗೆ 900 ಕಿಲೋಮೀಟರ್ ಹಿಡಿದಿದ್ದಾರೆ, ಇನ್ನೊಬ್ಬರು 800 ಹಿಡಿದಿದ್ದಾರೆ, ಅಷ್ಟೇ. ನಿಮ್ಮ ತಾಯಿಯವರ ಪ್ರಶ್ನೆಗೆ ಅವೆರಡೂ ಉಪಯೋಗಕ್ಕೆ ಬರುವುದಿಲ್ಲ.

ಟಿಕೆಟ್ಟಿನ ಮೇಲೆ ಇರುವುದು ನಮ್ಮ ಭಾಷೆಯಲ್ಲಿ ಬ್ಲಾಕ್ ಟೈಮ್. ನಿಂತಿರುವ ವಿಮಾನ ಜರುಗದಂತೆ ಚಕ್ರಗಳ ಹಿಂದೆ ಮುಂದೆ ಹಳದಿ ಬಣ್ಣದ ಅಡ್ಡಗಟ್ಟೆಗಳನ್ನು ಇಟ್ಟಿರುತ್ತಾರೆ. ನೆಲದ ಸಿಬ್ಬಂದಿ ಅದನ್ನು ಚಾಕ್ಸ್ ಎನ್ನುತ್ತಾರೆ. ಆ ಅಡ್ಡಗಟ್ಟೆ ತೆಗೆದು ವಿಮಾನ ಹಿಂದಕ್ಕೆ ಸರಿಯುವ ಕ್ಷಣದಿಂದ ಇನ್ನೊಂದು ಊರಿನಲ್ಲಿ ಮತ್ತೆ ಅಡ್ಡಗಟ್ಟೆ ಬೀಳುವವರೆಗಿನ ಹೊತ್ತು ಅದು. ಅದರೊಳಗೆ ರನ್‌ವೇವರೆಗಿನ ಓಡಾಟ, ಅಲ್ಲಿ ಸರದಿಗಾಗಿ ಕಾಯುವುದು, ಮೇಲೇರುವುದು, ಹಾರುವುದು, ಇಳಿಯುವ ಮುನ್ನ ಸಾಲಿನಲ್ಲಿ ನಿಲ್ಲುವುದು, ಇಳಿದ ಮೇಲೆ ಗೇಟಿನವರೆಗೆ ಹೋಗುವುದು ಎಲ್ಲವೂ ಸೇರಿದೆ. ಮಂಗಳೂರು ಚಿಕ್ಕ ನಿಲ್ದಾಣ, 2,450 ಮೀಟರಿನ ಒಂದೇ ದೊಡ್ಡ ರನ್‌ವೇ. ಸಾಮಾನ್ಯವಾಗಿ ಬೇಗ ಹೊರಡುತ್ತದೆ. ದುಬೈ ಜಗತ್ತಿನ ಅತ್ಯಂತ ದಟ್ಟಣೆಯ ನಿಲ್ದಾಣಗಳಲ್ಲಿ ಒಂದು. ಅಲ್ಲಿ ಗಾಲಿ ನೆಲ ಮುಟ್ಟಿದ ಮೇಲೂ ಹತ್ತು ನಿಮಿಷ ಒಳಗೇ ಕೂರಬೇಕಾಗಿ ಬಂದರೆ ಅದು ಸಹಜ.

ಇನ್ನು 25 ನಿಮಿಷದ ಮಾತು. ಅದಕ್ಕೆ ಕಾರಣ ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತ, ಓಮಾನ್, ದುಬೈಗಳ ಮೇಲೆ, ವಿಮಾನಗಳು ಹಾರುವ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಮಾರುತ ಬೀಸುತ್ತದೆ. ಅದರ ನಟ್ಟನಡುವಿನಲ್ಲಿ ಕೆಲವು ದಿನ ವೇಗ ಗಂಟೆಗೆ 200 ಕಿಲೋಮೀಟರನ್ನೂ ಮೀರುತ್ತದೆ. ಮಂಗಳೂರಿನ ಮೇಲೆ ಅದರ ಪ್ರಭಾವ ಅಷ್ಟಾಗಿ ಇರುವುದಿಲ್ಲ. ವಾಯವ್ಯಕ್ಕೆ ಹೋಗುತ್ತಾ ಹೋಗುತ್ತಾ ವಿಮಾನ ಅದರ ತೆಕ್ಕೆಗೆ ಸಿಗುತ್ತದೆ.

ಲೆಕ್ಕ ಮಾಡೋಣ. ಈ ದಾರಿಯಲ್ಲಿ ಹೆಚ್ಚಾಗಿ ಓಡುವ ಬೋಯಿಂಗ್ 737 ವಿಮಾನ ನಿಂತ ಗಾಳಿಯಲ್ಲಿ ಗಂಟೆಗೆ ಸುಮಾರು 830 ಕಿಲೋಮೀಟರ್ ಹೋಗುತ್ತದೆ. ದಾರಿಯುದ್ದಕ್ಕೂ ಸರಾಸರಿ 70 ಕಿಲೋಮೀಟರಿನ ಎದುರುಗಾಳಿ ಎಂದಿಟ್ಟುಕೊಳ್ಳಿ. ಹೋಗುವಾಗ ನೆಲದ ಲೆಕ್ಕದ ವೇಗ 760, ಬರುವಾಗ 900. ಅದೇ 2,460 ಕಿಲೋಮೀಟರಿಗೆ ಹೋಗುವಾಗ 3 ಗಂಟೆ 14 ನಿಮಿಷ, ಬರುವಾಗ 2 ಗಂಟೆ 44 ನಿಮಿಷ. ಅಂತರ ಅರ್ಧ ಗಂಟೆ. ಇದರ ಮೇಲೆ ಏರುವ ಇಳಿಯುವ ನಿಧಾನಗತಿ, ನೇರಗೆರೆಯಲ್ಲದ ವಾಯುಮಾರ್ಗದ ಸುತ್ತು, ನೆಲದ ಓಡಾಟ ಇವನ್ನೆಲ್ಲ ಸೇರಿಸಿ ಸುಮಾರು ಅರ್ಧ ಗಂಟೆ ಹಾಕಿದರೆ ನಿಮ್ಮ ಟಿಕೆಟ್ಟಿನ 3.40 ಮತ್ತು 3.15 ತಾವಾಗಿಯೇ ಬರುತ್ತವೆ. ವೇಳಾಪಟ್ಟಿ ಮಾಡುವವರು ಆ ಋತುವಿನ ಸಾಮಾನ್ಯ ಗಾಳಿಯನ್ನು ನೋಡಿಯೇ ಈ ಅಂಕಿಗಳನ್ನು ಹಾಕಿರುತ್ತಾರೆ, ಯಾರೂ ಕಣ್ಣಂದಾಜಿನಲ್ಲಿ ಬರೆಯುವುದಿಲ್ಲ.

ಇದು ಗಾಳಿಯದೇ ಕೆಲಸ ಎಂದು ನಂಬಲು ಕಷ್ಟವಾದರೆ ಬೆಂಗಳೂರು–ದೆಹಲಿ ದಾರಿಯನ್ನು ನೋಡಿ. ಎರಡೂ ನಿಲ್ದಾಣಗಳ ರೇಖಾಂಶ 77ರ ಸುತ್ತಮುತ್ತ, ಅಂದರೆ ದಾರಿ ಹೆಚ್ಚುಕಡಿಮೆ ನೆಟ್ಟಗೆ ಉತ್ತರ ದಕ್ಷಿಣ, 1,700 ಕಿಲೋಮೀಟರ್. ಪಶ್ಚಿಮದ ಗಾಳಿ ಅಲ್ಲಿ ವಿಮಾನದ ಪಕ್ಕೆಗೆ ಬಡಿಯುತ್ತದೆ. ಹೋಗುವಾಗಲೂ ಬರುವಾಗಲೂ ಒಂದೇ ಬಗೆಯಾಗಿ ಕಾಡುತ್ತದೆ. ಆದ್ದರಿಂದ ಅಲ್ಲಿ ಗಾಳಿಯ ಕಾರಣಕ್ಕೆ ಹೋಗುವ ಬರುವ ಸಮಯಗಳಲ್ಲಿ ಇಷ್ಟು ದೊಡ್ಡ ಅಂತರ ಕಾಣುವುದಿಲ್ಲ.

ವಾಯುಮಾರ್ಗದ ವಿಷಯದಲ್ಲಿ ಮಂಗಳೂರಿನವರು ಅದೃಷ್ಟವಂತರು. ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಕೊಲ್ಲಿಗೆ ಹೋಗುವ ನಮ್ಮ ವಿಮಾನಗಳು ಗುಜರಾತಿನ ಕಡೆಗೆ ಇಳಿದು ಸುತ್ತಿಕೊಂಡು ಹೋಗಬೇಕಾಯಿತು. ಮಂಗಳೂರಿನಿಂದ ಹೊರಟ ವಿಮಾನ ಮುಂಬೈಯ ವಾಯುಸಂಚಾರ ನಿಯಂತ್ರಣದಿಂದ ಸಮುದ್ರದ ಮೇಲೆಯೇ ಮಸ್ಕತ್ ನಿಯಂತ್ರಣಕ್ಕೆ, ಅಲ್ಲಿಂದ ಅರಬ್ ಸಂಸ್ಥಾನದ ನಿಯಂತ್ರಣಕ್ಕೆ ಕೈದಾಟಿ ಹೋಗುತ್ತದೆ. ಅದರ ದಾರಿಗೆ ಪಾಕಿಸ್ತಾನ ಅಡ್ಡ ಬರುವುದೇ ಇಲ್ಲ.

ನಿಮ್ಮ ತಾಯಿಯವರಿಗೆ 3 ಗಂಟೆ 40 ನಿಮಿಷ ಎಂದೇ ಹೇಳಿ. ಆದರೆ ಅದರಲ್ಲಿ ಆಕಾಶದಲ್ಲಿರುವುದು ಸುಮಾರು ಮೂರು ಗಂಟೆ ಇಪ್ಪತ್ತು ನಿಮಿಷ, ಉಳಿದದ್ದು ನೆಲದ ಮೇಲೆ ಎಂಬುದನ್ನೂ ತಿಳಿಸಿ. ವಿಮಾನ ಇನ್ನೂ ಹಾರಿಲ್ಲವೆಂದೋ ಇಳಿದರೂ ಬಾಗಿಲು ತೆಗೆದಿಲ್ಲವೆಂದೋ ಅವರು ಗಾಬರಿಯಾಗಬಾರದು.


ಉತ್ತರ — ಉಡುಪಿಯವಳು, ಶಾರ್ಜಾ

ನಾನು ಈ ದಾರಿಯಲ್ಲಿ ಹದಿನಾಲ್ಕು ವರ್ಷಗಳಿಂದ ವರ್ಷಕ್ಕೆ ಎರಡು ಬಾರಿಯಾದರೂ ಓಡಾಡುತ್ತಿದ್ದೇನೆ. ಗಾಲಿ ನೆಲ ಬಿಟ್ಟ ಹೊತ್ತನ್ನೂ ನೆಲ ಮುಟ್ಟಿದ ಹೊತ್ತನ್ನೂ ಡೈರಿಯ ಕೊನೆಯ ಪುಟದಲ್ಲಿ ಬರೆದಿಡುವ ಅಭ್ಯಾಸ ಮೊದಲ ಪ್ರಯಾಣದಿಂದಲೇ ಅಂಟಿಕೊಂಡಿದೆ. ಮೇಲಿನ ಸರ್ ಹೇಳಿದ್ದು ನನ್ನ ಡೈರಿಗೆ ಸರಿಹೊಂದುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಊರಿಗೆ ಬರುವ ಹಾರಾಟ ದುಬೈಗೆ ಹೋಗುವುದಕ್ಕಿಂತ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಬೇಗ ಮುಗಿಯುತ್ತದೆ. ಆದರೆ ಮಕ್ಕಳ ಬೇಸಿಗೆ ರಜೆಗೆಂದು ಜುಲೈನಲ್ಲಿ ಬಂದು ಆಗಸ್ಟ್‌ನಲ್ಲಿ ಮರಳಿದ ವರ್ಷಗಳಲ್ಲಿ ಈ ಅಂತರ ಕಾಣುವುದೇ ಇಲ್ಲ. ಎರಡು ಸಲ ದುಬೈಗೆ ಹೋಗುವುದೇ ಬೇಗ ಆಗಿದೆ. ಕಾರಣ ನನಗೆ ಈವರೆಗೆ ತಿಳಿದಿಲ್ಲ, ತಿಳಿದವರು ಹೇಳಿದರೆ ಸಂತೋಷ.

ಕಾರ್ಕಳದವರೇ, ನಿಮ್ಮ ಅಮ್ಮನ ಲೆಕ್ಕವನ್ನು ವಿಮಾನದಿಂದ ಶುರು ಮಾಡಬೇಡಿ, ಮನೆಯ ಹೊಸ್ತಿಲಿನಿಂದ ಶುರು ಮಾಡಿ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲು ಬಜಪೆಯಲ್ಲಿರಬೇಕು, ಅಂದರೆ ಸಂಜೆ 5.20. ಕಾರ್ಕಳದಿಂದ ಕಾರಿನಲ್ಲಿ ಒಂದು ಗಂಟೆ, ಸ್ವಲ್ಪ ಹೆಚ್ಚುಕಡಿಮೆ ಎಂದು ನಾಲ್ಕು ಗಂಟೆಗೆ ಹೊರಡುತ್ತಾರೆ. ದುಬೈಯಲ್ಲಿ 10.30ಕ್ಕೆ ಇಳಿದು, ಪಾಸ್‌ಪೋರ್ಟ್ ಸಾಲು, ಸಾಮಾನು, ನಿಮ್ಮ ಕಾರು ಎಲ್ಲ ಮುಗಿದು ಮನೆ ಸೇರುವಾಗ ಅಲ್ಲಿಯ 12.15 ಆಗಬಹುದು. ಅಮ್ಮನ ದೇಹಕ್ಕೆ ಅದು ರಾತ್ರಿ 1.45. ನಾಲ್ಕರಿಂದ ಒಂದೂಮುಕ್ಕಾಲರವರೆಗೆ ಎಂದರೆ ಹತ್ತಿರ ಹತ್ತಿರ ಹತ್ತು ಗಂಟೆ. 72 ವರ್ಷದ, ಮಂಡಿನೋವಿರುವ ಹೆಂಗಸಿಗೆ ದಣಿವಾಗುವುದು ಈ ಹತ್ತು ಗಂಟೆಯಿಂದ. ಮೂರು ಗಂಟೆ ನಲವತ್ತು ನಿಮಿಷ ಅದರೊಳಗಿನ ಒಂದು ಪಾಲು ಮಾತ್ರ. ನನ್ನ ತಾಯಿ ಮೊದಲ ಸಲ ಬಂದಾಗ ನಾನು ಈ ಲೆಕ್ಕ ಹಾಕಿರಲಿಲ್ಲ. ಅವರು ಸಂಜೆ ಕಾಫಿಯೊಂದನ್ನೇ ಕುಡಿದು ಹೊರಟಿದ್ದರು, ನಮ್ಮ ಮನೆಗೆ ಬಂದು ತಲುಪಿದಾಗ ತಲೆಸುತ್ತು ಬಂದು ಸೋಫಾದ ಮೇಲೆ ಕುಸಿದರು.

ಆದ್ದರಿಂದ ರಾತ್ರಿಯ ಊಟವನ್ನು ನಿಲ್ದಾಣದ ಒಳಗೆ, ವಿಮಾನ ಹತ್ತುವ ಮೊದಲೇ ಮುಗಿಸಲಿ. ಚಪಾತಿ ಪಲ್ಯ ಕಟ್ಟಿಕೊಟ್ಟರೆ ಅಲ್ಲೇ ಕುಳಿತು ಏಳೂವರೆಯ ಹೊತ್ತಿಗೆ ಊಟ, ಮಾತ್ರೆ ಎರಡೂ ಆಗುತ್ತದೆ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ವೈದ್ಯರ ಚೀಟಿಯೂ ಜೊತೆಗಿರಲಿ. ಸಂಸ್ಥಾನದಲ್ಲಿ ಕೆಲವು ಔಷಧಿಗಳ ಮೇಲೆ ಕಟ್ಟುನಿಟ್ಟಿದೆ. ಗಾಲಿಕುರ್ಚಿಯನ್ನು ಈಗಲೇ ಕಂಪನಿಗೆ ಹೇಳಿ ಬರೆಸಿ. ಸೀಟು ದಾರಿಯ ಪಕ್ಕದ್ದೇ ಆಗಿರಲಿ, ಆಗ ಯಾರನ್ನೂ ಎಬ್ಬಿಸದೆ ಎದ್ದು ನಿಲ್ಲಬಹುದು. ಬೆಲ್ಟಿನ ದೀಪ ಆರಿದ ಮೇಲೆ ಗಂಟೆಗೊಮ್ಮೆ ಹಿಂದಿನ ಶೌಚಾಲಯದವರೆಗೆ ನಡೆದು ಬರಲಿ.

ಕಿಟಕಿಯ ಪಕ್ಕ ಕುಳಿತವರಲ್ಲಿ ಕೇಳಿಕೊಳ್ಳಲು ಹೇಳಿ: ಬಹಳ ಹೊತ್ತಿನ ಕತ್ತಲೆಯ ಮೇಲೆ ಒಮ್ಮೆಲೇ ಕರಾವಳಿಯ ದೀಪಗಳ ಸಾಲು ಕಂಡರೆ ಅದು ಓಮಾನ್. ಅಲ್ಲಿಂದ ದೀಪಗಳಿಲ್ಲದ ಹಜರ್ ಪರ್ವತ ದಾಟಿ ದುಬೈಯಲ್ಲಿ ಇಳಿಯಲು ಅರ್ಧ ಗಂಟೆಯ ಆಸುಪಾಸು. ಪ್ರತಿ ಸಲವೂ ನಾನು ಆ ದೀಪಗಳಿಗಾಗಿ ಕಾಯುತ್ತೇನೆ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ನನ್ನ ತಂದೆ ಉಡುಪಿಯಿಂದ ಬಸ್ಸಿನಲ್ಲಿ ಮುಂಬೈಗೆ ಹೋಗಿ, ಅಲ್ಲಿ ಒಂದು ದಿನ ಪರಿಚಯದವರ ಖೋಲಿಯಲ್ಲಿ ಉಳಿದು ವಿಮಾನ ಹತ್ತುತ್ತಿದ್ದರು. ಅವರ ಕಾಲದಲ್ಲಿ ಮನೆಯಿಂದ ಮನೆಗೆ ಎರಡು ದಿನ ಹಿಡಿಯುತ್ತಿತ್ತು.


ಮತ್ತೆ ಪ್ರಶ್ನೆ ಕೇಳಿದವನು

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಅಮ್ಮನಿಗೆ ಫೋನ್ ಮಾಡಿ ದೂರದ ವಿಷಯ, ಗಾಳಿಯ ವಿಷಯ ಎಲ್ಲವನ್ನೂ ಹೇಳಿದೆ. ಗಾಳಿಗೆ ಎದುರಾಗಿ ಹೋಗುವುದರಿಂದ ಹೊತ್ತು ಹೆಚ್ಚು ಎಂದಾಗ "ದೋಣಿಯ ಹಾಗೆಯೇ ಆಯಿತಲ್ಲ" ಎಂದರು. ಅವರ ತವರು ಮಲ್ಪೆ. ಅವರಿಗೆ ನಾನು ಹೇಳುವುದಕ್ಕಿಂತ ಚೆನ್ನಾಗಿ ಅರ್ಥವಾಯಿತು.

ವಾಚಿನ ಮುಳ್ಳನ್ನು ತಿರುಗಿಸಬೇಡಿ, ಭಾರತದ ಸಮಯದಲ್ಲೇ ಇರಲಿ ಎಂದು ಹೇಳಿದ್ದೇನೆ. 8.20ಕ್ಕೆ 3 ಗಂಟೆ 40 ನಿಮಿಷ ಸೇರಿಸಿದರೆ ಸರಿಯಾಗಿ ನಡುರಾತ್ರಿ 12 ಗಂಟೆ. ಒಂದು ರಟ್ಟಿನ ತುಂಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗೆ ಬರೆದು ಕಳುಹಿಸುವೆ: 7.30ಕ್ಕೆ ಊಟ ಮತ್ತು ಮಾತ್ರೆ, 8.20ಕ್ಕೆ ವಿಮಾನ ಜರುಗುತ್ತದೆ, 10 ಗಂಟೆಗೆ ಒಮ್ಮೆ, 11 ಗಂಟೆಗೆ ಒಮ್ಮೆ ಎದ್ದು ನಡೆಯುವುದು, 11.15ರ ಹೊತ್ತಿಗೆ ಓಮಾನಿನ ದೀಪಗಳು. 12 ಗಂಟೆಗೆ ದುಬೈ. ಇದರಲ್ಲಿ ತಪ್ಪಿದ್ದರೆ ತಿದ್ದಿ. ಇನ್ನೊಂದು ಅನುಮಾನವೆಂದರೆ, ಜನವರಿಯಲ್ಲಿ ದುಬೈಯಲ್ಲಿ ಮಂಜು ಕವಿದು ವಿಮಾನಗಳು ತಡವಾಗುವುದನ್ನು ಇಲ್ಲಿ ಕಂಡಿದ್ದೇನೆ. ಅದನ್ನು ಹೇಗೆ ಲೆಕ್ಕ ಹಿಡಿಯಬೇಕು?


ಉತ್ತರ — ಹಾರಾಟ ಯೋಜನೆಯಲ್ಲಿ ದುಡಿದವನು

ಮೊದಲು ಶಾರ್ಜಾದ ಮೇಡಂ ಅವರ ಪ್ರಶ್ನೆ. ಅವರ ಡೈರಿ ಸರಿಯಾಗಿಯೇ ಹೇಳುತ್ತಿದೆ. ಜೂನ್ ಬಂದಂತೆ ಪಶ್ಚಿಮದ ಜೆಟ್ ಮಾರುತ ಹಿಮಾಲಯವನ್ನು ದಾಟಿ ಉತ್ತರಕ್ಕೆ ಸರಿಯುತ್ತದೆ. ಅದರ ಬದಲಿಗೆ ದಕ್ಷಿಣ ಭಾರತ ಮತ್ತು ಅರಬ್ಬೀ ಸಮುದ್ರದ ಮೇಲೆ, ಬಹಳ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಇನ್ನೊಂದು ಜೆಟ್ ಮಾರುತ ನೆಲೆಗೊಳ್ಳುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಇದರ ಬಗ್ಗೆ 1958ರಲ್ಲಿ ಬರೆದರು. ಮುಂಗಾರಿನ ಅಧ್ಯಯನದಲ್ಲಿ ಅದು ಈಗಲೂ ಮುಖ್ಯವಾದ ಸಂಗತಿ. ಅದರ ನಡುಭಾಗ ವಿಮಾನಗಳು ಹಾರುವ ಎತ್ತರಕ್ಕಿಂತ ಮೇಲಿರುತ್ತದೆ, ಆದರೆ ಅದರ ಕೆಳಗಿನ ಪದರವೂ ಪಶ್ಚಿಮದ ಕಡೆಗೇ ಬೀಸುವುದರಿಂದ ಮಳೆಗಾಲದಲ್ಲಿ ದುಬೈಗೆ ಹೋಗುವ ವಿಮಾನಕ್ಕೆ ಬೆನ್ನಿಗೆ ಗಾಳಿ ಸಿಗುತ್ತದೆ. ನಮ್ಮ ತಲೆಯ ಮೇಲೆ ಮಳೆ ತರುವ ಗಾಳಿ ನೈರುತ್ಯದಿಂದ ಬೀಸುತ್ತಿರುವಾಗಲೇ ಹತ್ತು ಕಿಲೋಮೀಟರ್ ಮೇಲೆ ಅದರ ವಿರುದ್ಧ ದಿಕ್ಕಿನ ಗಾಳಿ ಇರುತ್ತದೆ ಎಂಬುದು ನನಗೆ ಮೂವತ್ತು ವರ್ಷ ಈ ಕೆಲಸ ಮಾಡಿದ ಮೇಲೂ ಸೋಜಿಗವೆನಿಸುತ್ತದೆ.

ಕಾರ್ಕಳದವರೇ, ದುಬೈಯ ಚಳಿಗಾಲದ ಮಂಜು ಹೆಚ್ಚಾಗಿ ಬೆಳಗಿನ ಜಾವದಿಂದ ಬಿಸಿಲು ಏರುವವರೆಗಿನದು. ರಾತ್ರಿ 10.30ಕ್ಕೆ ಇಳಿಯುವ ವಿಮಾನಕ್ಕೆ ಅದರ ತೊಂದರೆ ಅಪರೂಪ. ಸಂಚಾರ ಹೆಚ್ಚಿದ್ದರೆ ಇಳಿಯುವ ಮುನ್ನ ಒಂದೆರಡು ಸುತ್ತು ಹಾಕಿಸುವುದುಂಟು. ಅಂಥ ಹೊತ್ತಿಗೆ ಬೇಕಾಗುವ ಇಂಧನ, ಬೇರೆ ನಿಲ್ದಾಣಕ್ಕೆ ಹೋಗಬೇಕಾದರೆ ಬೇಕಾಗುವ ಇಂಧನ, ಅದರ ಮೇಲೆ ಇನ್ನೂ ಅರ್ಧ ಗಂಟೆ ಹಾರುವಷ್ಟು ಇಂಧನ, ಇಷ್ಟನ್ನೂ ತುಂಬಿಸಿಕೊಂಡೇ ವಿಮಾನ ಮಂಗಳೂರಿನಿಂದ ಏಳುತ್ತದೆ. ಸುತ್ತು ಹಾಕಿದರೆ ಅದು ಅಪಾಯವಲ್ಲ, ಸರದಿ ಎಂದು ತಾಯಿಯವರಿಗೆ ಮೊದಲೇ ಹೇಳಿಡಿ.

ನಿಮ್ಮ ರಟ್ಟಿನ ತುಂಡಿನಲ್ಲಿ ಎರಡು ತಿದ್ದುಪಡಿ. ಓಮಾನಿನ ದೀಪಗಳನ್ನು 11.15ರಿಂದ 11.30ರ ನಡುವೆ ಎಂದು ಬರೆಯಿರಿ. ಕೊನೆಯ ಸಾಲಿನಲ್ಲಿ "12 ಗಂಟೆಗೆ ದುಬೈ" ಎಂಬುದನ್ನು ಹೊಡೆದುಹಾಕಿ "12ರಿಂದ 12.30ರೊಳಗೆ ದುಬೈ" ಎಂದು ಮಾಡಿ. ವಿಮಾನ ಹೊರಡುವುದೇ ಹತ್ತು ನಿಮಿಷ ತಡವಾದರೂ ಆಗ ಅವರು ವಾಚು ನೋಡಿಕೊಂಡು ಕಂಗಾಲಾಗಬೇಕಿಲ್ಲ.